ಗರ್ಭಿಣಿಯರ ಅಯೋಡಿನ್ ಮತ್ತು ಥೈರಾಯ್ಡ್: ಪದೇ ಪದೇ ಕೇಳುವ ಪ್ರಶ್ನೆಗಳು

ಗರ್ಭಿಣಿಯರ ಚೆಕಪ್ ದಿನ ಅವರ ಊಟ ತಿಂಡಿಯ ಬಗ್ಗೆ ಮಾತಾಡುವುದು ನನ್ನ ಕೆಲಸ. ಎದುರಿಗೆ ಕೂತವರು ಮೊದಲು ತೆಗೆಯುವುದೇ ಥೈರಾಯ್ಡ್ ರಿಪೋರ್ಟ್. ಪಕ್ಕದಲ್ಲಿರುವ ಅತ್ತೆಯೋ ಅಮ್ಮನೋ ಕೇಳುತ್ತಾರೆ: "ಉಪ್ಪು ಜಾಸ್ತಿ ಹಾಕ್ಬೇಕಾ, ಕಮ್ಮಿ ಹಾಕ್ಬೇಕಾ?"

ಈ ಒಂದು ಮಾತಿನಲ್ಲಿ ಎರಡು ಪ್ರಶ್ನೆಗಳಿವೆ. ಥೈರಾಯ್ಡ್ ಸರಿಯಾಗಿ ಕೆಲಸ ಮಾಡುತ್ತಿದೆಯಾ ಅನ್ನುವುದು ಒಂದು. ಅದಕ್ಕೆ ಬೇಕಾದಷ್ಟು ಅಯೋಡಿನ್ ಸಿಗುತ್ತಿದೆಯಾ ಅನ್ನುವುದು ಇನ್ನೊಂದು. ಮೊದಲನೆಯದನ್ನು ರಕ್ತ ಹೇಳುತ್ತದೆ. ಎರಡನೆಯದನ್ನು ತಿಳಿಯಲು ಅಡುಗೆಮನೆಗೆ ಹೋಗಬೇಕು. ಎರಡನ್ನೂ ಕಲಸಿಕೊಂಡರೆ ಬೇಡದ ಟೆಸ್ಟಿಗೆ ದುಡ್ಡು ಹೋಗುತ್ತದೆ, ಬೇಕಾದ ಟೆಸ್ಟ್ ತಡವಾಗುತ್ತದೆ. ಅದಕ್ಕೇ ಇಲ್ಲಿ ಬಿಡಿಸಿ ಬರೆದಿದ್ದೇನೆ. ನಿಮ್ಮ ಮಾತ್ರೆಯ ಪ್ರಮಾಣವನ್ನು ಮಾತ್ರ ನಿಮ್ಮನ್ನು ನೋಡುತ್ತಿರುವ ಡಾಕ್ಟರೇ ಹೇಳಬೇಕು.

ಬಸಿರಲ್ಲಿ ಥೈರಾಯ್ಡ್ ಬಗ್ಗೆ ಯಾಕಿಷ್ಟು ಮಾತು?

ಗಂಟಲಿನ ಕೆಳಭಾಗದಲ್ಲಿರುವ ಈ ಸಣ್ಣ ಗ್ರಂಥಿ ಥೈರಾಕ್ಸಿನ್ ಅನ್ನುವ ಹಾರ್ಮೋನ್ ತಯಾರಿಸುತ್ತದೆ. ಹೊಟ್ಟೆಯಲ್ಲಿರುವ ಮಗುವಿನ ಮೆದುಳು ಬೆಳೆಯಲು ಅದು ಬೇಕೇ ಬೇಕು. ಮಗುವಿನ ಸ್ವಂತ ಥೈರಾಯ್ಡ್ ಅಯೋಡಿನ್ ಹೀರಿಕೊಳ್ಳಲು ಶುರುಮಾಡುವುದು ಸುಮಾರು 12ನೇ ವಾರದ ಹೊತ್ತಿಗೆ. ಅದು ಸರಿಯಾಗಿ ಕೆಲಸಕ್ಕೆ ಇಳಿಯುವುದು 18ರಿಂದ 20 ವಾರ ಕಳೆದ ಮೇಲೆ. ಅಲ್ಲಿಯವರೆಗೆ ಮಗು ನಂಬಿಕೊಂಡಿರುವುದು ಅಮ್ಮನ ಥೈರಾಕ್ಸಿನ್ನನ್ನೇ.

ಹಾಗಾಗಿ ಅಮ್ಮನ ಥೈರಾಯ್ಡ್ ಇಬ್ಬರಿಗಾಗಿ ದುಡಿಯಬೇಕು. ಹೆಚ್ಚೂಕಡಿಮೆ ಒಂದೂವರೆ ಪಟ್ಟು ಹಾರ್ಮೋನ್ ತಯಾರಿಸಬೇಕು. ಅದೇ ಹೊತ್ತಿಗೆ ಮೂತ್ರದಲ್ಲಿ ಹೊರಹೋಗುವ ಅಯೋಡಿನ್ ಕೂಡ ಜಾಸ್ತಿಯಾಗುತ್ತದೆ. ಮಗುವಿಗೂ ಸ್ವಲ್ಪ ಅಯೋಡಿನ್ ಹೋಗುತ್ತದೆ. ಖರ್ಚು ಮೂರು ಕಡೆಯಿಂದ ಹೆಚ್ಚುತ್ತದೆ, ಆದಾಯ ಮಾತ್ರ ಮೊದಲಿನಷ್ಟೇ.

ಅಯೋಡಿನ್ ತೀರಾ ಕಡಿಮೆಯಾದರೆ ಗರ್ಭಪಾತ ಆಗಬಹುದು, ಮಗು ಹೊಟ್ಟೆಯಲ್ಲೇ ತೀರಿಕೊಳ್ಳಬಹುದು, ಇಲ್ಲವೇ ಕಿವಿ ಕೇಳದ, ಮಾತು ಬಾರದ, ಬುದ್ಧಿ ಬೆಳೆಯದ ಮಗು ಹುಟ್ಟಬಹುದು. ಅಂಥ ತೀವ್ರ ಕೊರತೆ ಈಗ ನಮ್ಮಲ್ಲಿ ಅಪರೂಪ. ಅದು ಅಪರೂಪವಾದದ್ದು ಹೇಗೆ ಅನ್ನುವುದನ್ನು ಮುಂದೆ ಹೇಳುತ್ತೇನೆ.

ದಿನಕ್ಕೆ ಎಷ್ಟು ಅಯೋಡಿನ್ ಬೇಕು?

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಸಾಮಾನ್ಯ ದೊಡ್ಡವರಿಗೆ ದಿನಕ್ಕೆ 150 ಮೈಕ್ರೋಗ್ರಾಂ. ಗರ್ಭಿಣಿಗೆ ಮತ್ತು ಹಾಲೂಡಿಸುವ ತಾಯಿಗೆ 250 ಮೈಕ್ರೋಗ್ರಾಂ. ಒಂದು ಗ್ರಾಂ ಅಂದರೆ ಹತ್ತು ಲಕ್ಷ ಮೈಕ್ರೋಗ್ರಾಂ. ಬೇಕಾಗುವುದು ಕಣ್ಣಿಗೂ ಕಾಣದಷ್ಟು, ಆದರೆ ದಿನಾ ಬೇಕು.

ನಮ್ಮ ಊಟದಲ್ಲಿ ಇದರ ದೊಡ್ಡ ಪಾಲು ಬರುವುದು ಅಯೋಡಿನ್ ಸೇರಿಸಿದ ಉಪ್ಪಿನಿಂದ. ಅಂಗಡಿಯಲ್ಲಿ ಸಿಗುವ ಉಪ್ಪಿನ ಒಂದು ಕಿಲೋದಲ್ಲಿ ಕನಿಷ್ಠ 15 ಮಿಲಿಗ್ರಾಂ ಅಯೋಡಿನ್ ಇರಬೇಕು ಅನ್ನುತ್ತದೆ ನಮ್ಮ ಕಾನೂನು. ಅಂದರೆ ಒಂದು ಗ್ರಾಂ ಉಪ್ಪಿಗೆ 15 ಮೈಕ್ರೋಗ್ರಾಂ. ನಮ್ಮ ದೇಶದಲ್ಲಿ ಒಬ್ಬರು ದಿನಕ್ಕೆ ಸುಮಾರು 8 ಗ್ರಾಂ ಉಪ್ಪು ತಿನ್ನುತ್ತಾರೆ. ಲೆಕ್ಕ ಹಾಕಿದರೆ 120 ಮೈಕ್ರೋಗ್ರಾಂ. ಬೇಯಿಸುವಾಗ ಐದರಲ್ಲಿ ಒಂದು ಪಾಲು ಹೋಗುತ್ತದೆ ಅಂದುಕೊಂಡರೆ ಉಳಿಯುವುದು 96. ಅದೇ ಉಪ್ಪಿನಲ್ಲಿ ಕಿಲೋಗೆ 30 ಮಿಲಿಗ್ರಾಂ ಇದ್ದರೆ 190ರ ಹತ್ತಿರ ಸಿಗುತ್ತದೆ. ಉಪ್ಪು ಅಷ್ಟೇ, ರುಚಿಯೂ ಅಷ್ಟೇ, ಅಯೋಡಿನ್ ಎರಡರಷ್ಟು! ಅದಕ್ಕೇ ಎಷ್ಟು ಉಪ್ಪು ತಿನ್ನುತ್ತೀರಿ ಅನ್ನುವುದಕ್ಕಿಂತ ಯಾವ ಉಪ್ಪು ತಿನ್ನುತ್ತೀರಿ ಅಂತ ನಾನು ಮೊದಲು ಕೇಳುತ್ತೇನೆ. ಉಳಿದದ್ದು ಹಾಲು, ಮೊಸರು, ಮೊಟ್ಟೆ, ಸಮುದ್ರದ ಮೀನಿನಿಂದ ಬರಬೇಕು.

ನನ್ನ ಮೈಯಲ್ಲಿ ಅಯೋಡಿನ್ ಎಷ್ಟಿದೆ ಅಂತ ಒಂದು ಟೆಸ್ಟ್ ಮಾಡಿಸಿಬಿಡಲಾ?

ತುಂಬಾ ಜನ ಇದನ್ನು ಕೇಳುತ್ತಾರೆ. ಮೂತ್ರದಲ್ಲಿ ಅಯೋಡಿನ್ ಅಳೆಯುವ ಟೆಸ್ಟ್ ಇದೆ, ನಿಜ. ತಿಂದ ಅಯೋಡಿನ್ನಿನಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಭಾಗ ಒಂದೆರಡು ದಿನದೊಳಗೆ ಮೂತ್ರದಲ್ಲಿ ಹೊರಬರುತ್ತದೆ. ಹಾಗಾಗಿ ಅಳೆಯುವುದು ಸುಲಭ. ತೊಡಕಿರುವುದು ಅದನ್ನು ಓದುವುದರಲ್ಲಿ.

ನಿನ್ನೆ ರಾತ್ರಿ ಮೀನು ಸಾರು ಉಂಡಿದ್ದರೆ ಇವತ್ತು ಬೆಳಿಗ್ಗೆ ಅಂಕಿ ಮೇಲಿರುತ್ತದೆ. ಏಕಾದಶಿ ಉಪವಾಸ ಮಾಡಿದ್ದರೆ ಕೆಳಗಿರುತ್ತದೆ. ಎರಡು ಚೊಂಬು ನೀರು ಕುಡಿದು ಮೂತ್ರ ತೆಳುವಾಗಿದ್ದರೆ ಇನ್ನೂ ಕೆಳಗೆ. ಮೂರು ಸಲವೂ ಮನುಷ್ಯರು ಒಬ್ಬರೇ. ಒಬ್ಬರ ಅಯೋಡಿನ್ ಮಟ್ಟವನ್ನು ಒಂದಿಷ್ಟು ನಂಬುವ ಹಾಗೆ ಹೇಳಬೇಕಾದರೆ ಬೇರೆ ಬೇರೆ ದಿನ ಸುಮಾರು ಹತ್ತು ಸಲ ಪರೀಕ್ಷೆ ಮಾಡಬೇಕು. ಅದನ್ನು ಯಾರು ಮಾಡಿಸುತ್ತಾರೆ?

ಈ ಟೆಸ್ಟ್ ಇರುವುದು ಊರಿಗೆ, ಜಿಲ್ಲೆಗೆ, ಜನಸಮೂಹಕ್ಕೆ. ಒಂದು ಕಡೆಯ ನೂರಾರು ಗರ್ಭಿಣಿಯರ ಮೂತ್ರ ತೆಗೆದುಕೊಂಡು, ಅಂಕಿಗಳನ್ನು ಸಾಲಾಗಿ ಇಟ್ಟು, ನಡುವಿನ ಅಂಕಿಯನ್ನು ನೋಡುತ್ತಾರೆ. ಒಬ್ಬೊಬ್ಬರ ಏರುಪೇರು ಅಲ್ಲಿ ಒಂದಕ್ಕೊಂದು ಸರಿಹೋಗುತ್ತದೆ. ಆ ನಡುವಿನ ಅಂಕಿ ಲೀಟರಿಗೆ 150 ಮೈಕ್ರೋಗ್ರಾಂಗಿಂತ ಕಡಿಮೆ ಇದ್ದರೆ ಅಲ್ಲಿಯ ಗರ್ಭಿಣಿಯರಿಗೆ ಅಯೋಡಿನ್ ಸಾಲುತ್ತಿಲ್ಲ. 150ರಿಂದ 249 ಇದ್ದರೆ ಸಾಕಷ್ಟಿದೆ. 250ರಿಂದ 499 ಅಂದರೆ ಬೇಕಾದ್ದಕ್ಕಿಂತ ಜಾಸ್ತಿ. 500 ಮತ್ತು ಅದಕ್ಕೂ ಮೇಲೆ ಅಂದರೆ ಅತಿಯಾಯಿತು.

ಇಲ್ಲಿ ಇನ್ನೊಂದು ಎಡವಟ್ಟು ಆಗುತ್ತದೆ. ಶಾಲಾ ಮಕ್ಕಳಲ್ಲಿ ಈ ಅಂಕಿ 100 ದಾಟಿದರೆ ಸಾಕು. ಅದನ್ನು ನೋಡಿಕೊಂಡು "ನಮ್ಮ ಜಿಲ್ಲೆಗೆ ಅಯೋಡಿನ್ ಸಾಕಷ್ಟಿದೆ" ಅಂದುಬಿಡುತ್ತಾರೆ. ಅದೇ ಜಿಲ್ಲೆಯ ಗರ್ಭಿಣಿಯರಿಗೆ ಸಾಲದೇ ಇರಬಹುದು. ಗರ್ಭಿಣಿಯರನ್ನು ಬೇರೆಯಾಗಿಯೇ ನೋಡಬೇಕು ಅನ್ನುವುದು ಇದಕ್ಕೇ.

ಹಾಗಾಗಿ ನಿಮ್ಮ ಒಂದು ಬಾಟಲಿ ಮೂತ್ರದ ರಿಪೋರ್ಟಿನಲ್ಲಿ 110 ಅಂತ ಬಂದರೆ ಅಳಬೇಡಿ. 180 ಬಂದರೆ ನಿಶ್ಚಿಂತೆಯೂ ಬೇಡ. ಆ ದುಡ್ಡನ್ನು ಟಿಎಸ್‌ಎಚ್ ಟೆಸ್ಟಿಗೆ ಇಟ್ಟುಕೊಳ್ಳಿ. ಟಿಎಸ್‌ಎಚ್ ಅಂದರೆ ಥೈರಾಯ್ಡಿಗೆ ಕೆಲಸ ಮಾಡು ಅಂತ ಹೇಳುವ ಹಾರ್ಮೋನ್, ಥೈರಾಯ್ಡ್ ಸೋತರೆ ರಕ್ತದಲ್ಲಿ ಅದು ಏರುತ್ತದೆ.

ಹಾಗಾದ್ರೆ ನನಗೆ ಅಯೋಡಿನ್ ಸಾಕಾಗುತ್ತಿದೆಯಾ ಅಂತ ತಿಳಿಯೋದು ಹೇಗೆ?

ನಾನು ಕೆಲವು ಪ್ರಶ್ನೆ ಕೇಳುತ್ತೇನೆ. ನೀವೇ ಕೇಳಿಕೊಳ್ಳಬಹುದು. ಮನೆಯ ಉಪ್ಪಿನ ಪ್ಯಾಕೆಟ್ ಮೇಲೆ ಅಯೋಡಿನ್ ಇದೆ ಅಂತ ಬರೆದಿದೆಯಾ? ಅದರ ಮೇಲೆ ನಗುವ ಸೂರ್ಯನ ಗುರುತು ಇರುವುದುಂಟು. ಅಥವಾ ಚೀಲದಿಂದ ತೂಗಿ ಕೊಡುವ ಬಿಡಿ ಉಪ್ಪು ತರುತ್ತೀರಾ? ಹಾಲು, ಮೊಸರು ದಿನಾ ಇದೆಯಾ? ಮೊಟ್ಟೆ, ಮೀನು? ಕಳೆದ ಒಂದು ವರ್ಷದಲ್ಲಿ ಉಪ್ಪು ಬದಲಾಯಿಸಿದ್ದೀರಾ? ಥೈರಾಯ್ಡ್ ಗ್ರಂಥಿ ಅಯೋಡಿನ್ನನ್ನು ಕೂಡಿಟ್ಟುಕೊಳ್ಳುತ್ತದೆ. ಸರಿಯಾಗಿ ತಿನ್ನುವವರ ಗ್ರಂಥಿಯಲ್ಲಿ 15ರಿಂದ 20 ಮಿಲಿಗ್ರಾಂ ಇರುತ್ತದೆ. ಆ ಉಳಿತಾಯ ಇದ್ದವರಿಗೆ ಮೊದಲ ತಿಂಗಳುಗಳು ಸಲೀಸು. ಮಗು ಬೇಕು ಅಂದುಕೊಂಡಾಗಲೇ ಉಪ್ಪಿನ ಕಡೆ ನೋಡಿ ಅನ್ನುವುದು ಇದಕ್ಕೆ.

ಮೊದಲ ಮೂರೂ ಪ್ರಶ್ನೆಗೆ ಒಳ್ಳೆಯ ಉತ್ತರ ಬಂದರೆ ನಿಮ್ಮ ಅಯೋಡಿನ್ ಬಗ್ಗೆ ನನಗೆ ಚಿಂತೆಯಿಲ್ಲ.

ಉಪ್ಪಿನಲ್ಲಿ ಅಯೋಡಿನ್ ನಿಜವಾಗಲೂ ಇದೆಯಾ ಅಂತ ಮನೆಯಲ್ಲೇ ನೋಡಬಹುದಾ?

ನೋಡಬಹುದು. ಆಶಾ ಕಾರ್ಯಕರ್ತೆಯರ ಹತ್ತಿರ ಉಪ್ಪು ಪರೀಕ್ಷೆಯ ಪುಟ್ಟ ಕಿಟ್ ಇರುತ್ತದೆ. ನಿಮ್ಮ ಊರಿನ ಆಶಾ ಅಕ್ಕನನ್ನು ಕೇಳಿ. ಒಂದು ಚಮಚ ಉಪ್ಪನ್ನು ಹರಡಿ, ಎರಡು ಹನಿ ದ್ರಾವಣ ಬಿಟ್ಟರೆ ಬಿಳಿ ಉಪ್ಪಿನ ಮೇಲೆ ನೇರಳೆ ಚುಕ್ಕೆ ಮೂಡುತ್ತದೆ. ಆ ಬಣ್ಣವನ್ನು ಡಬ್ಬಿಯ ಮೇಲಿನ ಬಣ್ಣದ ಪಟ್ಟಿಗೆ ಹಿಡಿದು ನೋಡಬೇಕು. ತೆಳು ನೇರಳೆ ಅಂದರೆ ಕಡಿಮೆ, ಗಾಢ ಅಂದರೆ ಚೆನ್ನಾಗಿದೆ. ಬಣ್ಣವೇ ಬಾರದಿದ್ದರೆ ಕಿಟ್‌ನಲ್ಲಿರುವ ಇನ್ನೊಂದು ದ್ರಾವಣ ಹಾಕಿ ಮತ್ತೆ ನೋಡಬೇಕು. ಕೆಲವು ಉಪ್ಪಿನಲ್ಲಿ ಕ್ಷಾರ ಜಾಸ್ತಿ ಇದ್ದು ಮೊದಲ ಹನಿಗೆ ಬಣ್ಣ ಕೊಡುವುದಿಲ್ಲ.

ಕಿಟ್ ಸಿಗದಿದ್ದರೆ ಆಲೂಗಡ್ಡೆ ಇದೆ. ಆಲೂಗಡ್ಡೆ ಕತ್ತರಿಸಿ, ಆ ಹಸಿ ಮೈಮೇಲೆ ಉಪ್ಪು ಹಾಕಿ ಒಂದು ನಿಮಿಷ ಬಿಡಿ. ಆಮೇಲೆ ಎರಡು ಹನಿ ನಿಂಬೆರಸ. ಅಯೋಡಿನ್ ಇದ್ದರೆ ನೀಲಿ ಬಣ್ಣ ಬರುತ್ತದೆ. ಇದನ್ನು ಆಹಾರ ಸುರಕ್ಷತಾ ಪ್ರಾಧಿಕಾರವೇ ಜನರಿಗೆ ಹೇಳಿಕೊಟ್ಟಿದೆ. ಅಯೋಡಿನ್ ಇದೆಯೋ ಇಲ್ಲವೋ ಅನ್ನುವುದಷ್ಟೇ ಇದರಲ್ಲಿ ಗೊತ್ತಾಗುತ್ತದೆ, ಎಷ್ಟಿದೆ ಅಂತ ಗೊತ್ತಾಗುವುದಿಲ್ಲ.

ಇನ್ನು ಇಡುವ ಬಗೆ. ನಮ್ಮಲ್ಲಿ ಉಪ್ಪಿನ ಭರಣಿ ಇರುವುದು ಒಲೆಯ ಪಕ್ಕದಲ್ಲೇ, ಬಹಳ ಸಲ ಮುಚ್ಚಳವಿಲ್ಲದೆ. ಕೈಗೆ ಸಿಗಲಿ ಅಂತ. ಶಾಖ, ತೇವ, ಬಿಸಿಲು ಮೂರೂ ಅಯೋಡಿನ್ನಿಗೆ ಆಗುವುದಿಲ್ಲ. ಮುಚ್ಚಳ ಬಿಗಿಯಾಗಿರುವ ಡಬ್ಬಿಗೆ ಹಾಕಿ, ಒಲೆಯಿಂದ ಒಂದು ಮಾರು ದೂರ ಇಡಿ. ಹರಳುಪ್ಪು ಬಳಸುವವರು ಕೊಳೆ ಹೋಗಲಿ ಅಂತ ತೊಳೆಯುತ್ತಾರಲ್ಲ, ಅಯೋಡಿನ್ ಇರುವುದು ಹರಳಿನ ಮೇಲ್ಮೈಯಲ್ಲಿ. ತೊಳೆದರೆ ಅದೇ ಮೊದಲು ಹೋಗುತ್ತದೆ.

ಕಲ್ಲುಪ್ಪು, ಇಂದುಪ್ಪು, ಕರಿಯುಪ್ಪು ಒಳ್ಳೆಯದು ಅಂತಾರೆ. ಬಳಸಬಹುದಾ?

ಉಪ್ಪಿನಕಾಯಿಗೆ ಹಾಕಿ, ಬೇಡ ಅನ್ನುವುದಿಲ್ಲ. ಆದರೆ ದಿನದ ಅಡುಗೆಗೆ ಅಯೋಡಿನ್ ಸೇರಿಸಿದ ಉಪ್ಪೇ ಇರಲಿ. ಇಂದುಪ್ಪು, ಕೆಂಪುಪ್ಪು, ಕರಿಯುಪ್ಪಿನಲ್ಲಿ ಸಹಜವಾಗಿ ಇರುವ ಅಯೋಡಿನ್ ಲೆಕ್ಕಕ್ಕೆ ಬಾರದಷ್ಟು. ಅಯೋಡಿನ್ ಸೇರಿಸಿದ ಹರಳುಪ್ಪೂ ಪ್ಯಾಕೆಟ್‌ನಲ್ಲಿ ಸಿಗುತ್ತದೆ. ಹರಳೇ ಬೇಕು ಅನ್ನುವವರು ಅದನ್ನು ತನ್ನಿ.

ಇತ್ತೀಚೆಗೆ ಪಟ್ಟಣದ ಓದಿದ ಮನೆಗಳಲ್ಲೇ ಇದು ಜಾಸ್ತಿ ಕಾಣುತ್ತಿದೆ. "ನಾವು ಪುಡಿಯುಪ್ಪು ಬಿಟ್ಟು ಎರಡು ವರ್ಷ ಆಯ್ತು" ಅಂತ ಖುಷಿಯಿಂದ ಹೇಳುತ್ತಾರೆ. ಇದನ್ನು ಕೇಳಿದಾಗ ನನಗೆ ನಿಜಕ್ಕೂ ಆತಂಕವಾಗುತ್ತದೆ. ಹಣ ಜಾಸ್ತಿ ಕೊಟ್ಟು, ಬಸಿರಿನ ಹೊತ್ತಿನಲ್ಲೇ ಅಯೋಡಿನ್ನನ್ನು ಮನೆಯಿಂದ ಆಚೆ ಹಾಕಿದ ಹಾಗಾಯಿತಲ್ಲ.

ನಾವು ಕರಾವಳಿಯವರು. ಸಮುದ್ರದ ಉಪ್ಪಿನಲ್ಲೇ ಅಯೋಡಿನ್ ಇರುತ್ತದಲ್ಲವಾ?

ಸಮುದ್ರದ ನೀರಿನಲ್ಲಿ ಇದೆ, ಮೀನಿನಲ್ಲಿ ಇದೆ. ಆ ನೀರನ್ನು ಗದ್ದೆಗೆ ಕಟ್ಟಿ ಒಣಗಿಸಿದಾಗ ಸಿಗುವ ಹರಳಿನಲ್ಲಿ ಮಾತ್ರ ತೀರಾ ಕಡಿಮೆ ಉಳಿಯುತ್ತದೆ. ಗೋಕರ್ಣದ ಹತ್ತಿರದ ಸಾಣಿಕಟ್ಟಾದಂಥ ಉಪ್ಪಿನ ಗದ್ದೆಗಳನ್ನು ನೋಡಿ ಬೆಳೆದವರಿಗೆ ಇದನ್ನು ನಂಬುವುದು ಕಷ್ಟ. ಯಾವ ಸಮುದ್ರದ ಉಪ್ಪಾದರೂ ಅಯೋಡಿನ್ ಬೇರೆಯಾಗಿಯೇ ಸೇರಿಸಬೇಕು.

ಮಣ್ಣಿನ ಕತೆಯೂ ಹಾಗೇ. ಜೋರು ಮಳೆ ಸಾವಿರಾರು ವರ್ಷದಿಂದ ಮೇಲ್ಮಣ್ಣಿನ ಅಯೋಡಿನ್ನನ್ನು ತೊಳೆದುಕೊಂಡು ಹೋಗಿದೆ. ಹಿಮಾಲಯದ ತಪ್ಪಲಷ್ಟೇ ಅಲ್ಲ, ನಮ್ಮ ಚಿಕ್ಕಮಗಳೂರು, ಕೊಡಗಿನ ಕಡೆಯೂ ಗಳಗಂಡ, ಅಂದರೆ ಥೈರಾಯ್ಡ್ ಊದಿ ಗಂಟಲು ದಪ್ಪಗಾಗುವುದು, ಹಿಂದಿನಿಂದ ಕಂಡಿದೆ. ಅಲ್ಲಿ ಬೆಳೆದ ಸೊಪ್ಪು ತರಕಾರಿ ಎಷ್ಟೇ ತಾಜಾ ಆಗಿದ್ದರೂ ಮಣ್ಣಿನಲ್ಲಿ ಇಲ್ಲದ್ದು ಎಲೆಗೆ ಬರುವುದಿಲ್ಲ.

ಉಪ್ಪಿಗೆ ಅಯೋಡಿನ್ ಹಾಕುವುದು ಕಂಪನಿಗಳ ತಂತ್ರ ಅಂತ ವಾಟ್ಸ್‌ಆ್ಯಪ್‌ನಲ್ಲಿ ಬಂದಿತ್ತು. ನಿಜವಾ?

ಅಲ್ಲ. ಇದರ ಹಿಂದೆ ನಮ್ಮ ದೇಶದ್ದೇ ಒಂದು ದೊಡ್ಡ ಕೆಲಸವಿದೆ. 1956ರಲ್ಲಿ ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ ಡಾಕ್ಟರ್ ವಿ. ರಾಮಲಿಂಗಸ್ವಾಮಿ ಮತ್ತು ಅವರ ಜೊತೆಗಾರರು ಸುಮಾರು ಒಂದು ಲಕ್ಷ ಜನರಿದ್ದ ಪ್ರದೇಶವನ್ನು ಮೂರು ಭಾಗ ಮಾಡಿದರು. ಎರಡು ಭಾಗಕ್ಕೆ ಅಯೋಡಿನ್ ಸೇರಿಸಿದ ಉಪ್ಪು, ಒಂದಕ್ಕೆ ಮಾಮೂಲಿ ಉಪ್ಪು. ಕೆಲವು ವರ್ಷಗಳಲ್ಲಿ ಅಯೋಡಿನ್ ಉಪ್ಪು ತಿಂದ ಕಡೆ ಗಳಗಂಡ ಇಳಿಯಿತು, ಇನ್ನೊಂದು ಕಡೆ ಹಾಗೇ ಉಳಿಯಿತು. ಆಮೇಲೆ ಆ ಭಾಗಕ್ಕೂ ಅದೇ ಉಪ್ಪು ಕೊಟ್ಟರು, ಅಲ್ಲೂ ಇಳಿಯಿತು. ಆ ಆಧಾರದ ಮೇಲೆ 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಬಂತು. ಅಯೋಡಿನ್ ಇಲ್ಲದ ಉಪ್ಪನ್ನು ತಿನ್ನಲು ಮಾರಬಾರದು ಅನ್ನುವ ನಿಯಮವನ್ನು 2000ದಲ್ಲಿ ಹಿಂದಕ್ಕೆ ತೆಗೆದುಕೊಂಡಿದ್ದರು. 2006ರಲ್ಲಿ ಮತ್ತೆ ತಂದರು.

ಕೆಲಸ ಇನ್ನೂ ಮುಗಿದಿಲ್ಲ. 2018-19ರ ದೇಶಮಟ್ಟದ ಸಮೀಕ್ಷೆಯಲ್ಲಿ ನೂರಕ್ಕೆ 76.3 ಮನೆಗಳಲ್ಲಿ ಮಾತ್ರ ಸಾಕಷ್ಟು ಅಯೋಡಿನ್ ಇರುವ ಉಪ್ಪು ಸಿಕ್ಕಿತು. ಅಂದರೆ ನಾಲ್ಕರಲ್ಲಿ ಒಂದು ಮನೆಯಲ್ಲಿ ಸಾಲದು.

ಟಿಎಸ್‌ಎಚ್ ಟೆಸ್ಟ್ ಯಾವಾಗ ಮಾಡಿಸಬೇಕು?

ಮುಟ್ಟು ನಿಂತು, ಕಿಟ್‌ನಲ್ಲಿ ಎರಡು ಗೆರೆ ಬಂದ ಕೂಡಲೇ. ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬಾರದು ಅನ್ನುವ ರೂಢಿ ನಮ್ಮಲ್ಲಿದೆ. ಊರಿಗೆ ಹೇಳಬೇಡಿ, ಸರಿ. ಡಾಕ್ಟರಿಗೆ ಹೇಳಿ. ಮಗು ಅಮ್ಮನ ಥೈರಾಕ್ಸಿನ್ ಮೇಲೆ ಪೂರ್ತಿ ನಿಂತಿರುವುದು ಆ ಮೂರು ತಿಂಗಳಲ್ಲೇ ಅಲ್ವಾ? ನಾಲ್ಕನೇ ತಿಂಗಳಲ್ಲಿ ತಾಯಿ ಕಾರ್ಡ್ ಮಾಡಿಸಿ, ಐದನೇ ತಿಂಗಳಲ್ಲಿ ರಿಪೋರ್ಟ್ ತರುವವರನ್ನು ನೋಡಿದಾಗ ಮನಸ್ಸಿಗೆ ಬೇಸರವಾಗುತ್ತದೆ. ತಡವಾದರೂ ಮಾಡಿಸಿ, ಪ್ರಯೋಜನ ಇದ್ದೇ ಇದೆ. ಬೇಗ ಮಾಡಿಸಿದರೆ ಇನ್ನೂ ಜಾಸ್ತಿ.

ಕೇಂದ್ರ ಆರೋಗ್ಯ ಇಲಾಖೆಯ 2014ರ ಮಾರ್ಗಸೂಚಿ ಹೆಚ್ಚಿನ ಅಪಾಯ ಇರುವವರಿಗೆ ಈ ಟೆಸ್ಟ್ ಮಾಡಿ ಅನ್ನುತ್ತದೆ. ತೂಕ ತುಂಬಾ ಜಾಸ್ತಿ ಇರುವವರು, ಮನೆಯಲ್ಲಿ ಥೈರಾಯ್ಡ್ ಇರುವವರು, ಹಿಂದೆ ಗರ್ಭ ಹೋದವರು ಅಥವಾ ದಿನ ತುಂಬದೆ ಹೆತ್ತವರು, ಮಕ್ಕಳಾಗಲು ತಡವಾದವರು, ಗಂಟಲು ಊದಿದವರು ಆ ಪಟ್ಟಿಯಲ್ಲಿದ್ದಾರೆ. ಎಷ್ಟೋ ಆಸ್ಪತ್ರೆಗಳಲ್ಲಿ ಎಲ್ಲರಿಗೂ ಮಾಡುತ್ತಾರೆ. ಮಾಡದಿದ್ದರೆ ನೀವೇ ಬಾಯಿಬಿಟ್ಟು ಕೇಳಿ.

ಒಂದು ಸಣ್ಣ ವಿಷಯ: ಕೂದಲು ಉದುರುತ್ತದೆ ಅಂತ ಬಯೋಟಿನ್ ಮಾತ್ರೆ ತಗೊಳ್ಳುತ್ತಿದ್ದರೆ ರಕ್ತ ಕೊಡುವ ಎರಡು ದಿನ ಮುಂಚೆ ನಿಲ್ಲಿಸಿ. ಥೈರಾಯ್ಡ್ ಟೆಸ್ಟಿನ ಅಂಕಿಯನ್ನು ಅದು ತಪ್ಪಿಸುತ್ತದೆ.

ನನ್ನ ಟಿಎಸ್‌ಎಚ್ 3.4. ಲ್ಯಾಬಿನವರು ನಾರ್ಮಲ್ ಅಂದರು, ಡಾಕ್ಟರ್ ಮಾತ್ರೆ ಬರೆದರು. ಯಾರು ಸರಿ?

ಇಬ್ಬರೂ ಸುಳ್ಳು ಹೇಳಿಲ್ಲ. ಲ್ಯಾಬ್ ರಿಪೋರ್ಟಿನ ಪಕ್ಕದಲ್ಲಿ ಅಚ್ಚಾಗಿರುವ ಮಿತಿ ಸಾಮಾನ್ಯ ಜನರದ್ದು. ಗರ್ಭಿಣಿಯ ಲೆಕ್ಕ ಬೇರೆ. ಮೊದಲ ಮೂರು ತಿಂಗಳಲ್ಲಿ ಬಸಿರಿನ ಹಾರ್ಮೋನೇ ಥೈರಾಯ್ಡನ್ನು ಚುರುಕು ಮಾಡುತ್ತದೆ, ಹಾಗಾಗಿ ಟಿಎಸ್‌ಎಚ್ ತಾನಾಗಿ ಇಳಿಯುತ್ತದೆ. ಇಳಿಯಬೇಕಾದ ಹೊತ್ತಿನಲ್ಲಿ 3.4 ಇದ್ದರೆ ಡಾಕ್ಟರ್ ಯೋಚನೆ ಮಾಡುತ್ತಾರೆ.

ಎಷ್ಟರ ಮೇಲೆ ಜಾಸ್ತಿ ಅನ್ನಬೇಕು ಅನ್ನುವುದರಲ್ಲಿ ತಜ್ಞರ ನಡುವೆಯೇ ಒಂದೇ ಮಾತಿಲ್ಲ. ಅಮೆರಿಕದ ಥೈರಾಯ್ಡ್ ತಜ್ಞರ ಸಂಘ 2011ರಲ್ಲಿ ಮೊದಲ ಮೂರು ತಿಂಗಳಿಗೆ 2.5, ಆಮೇಲೆ 3 ಅಂದಿತ್ತು. ನಮ್ಮ 2014ರ ಮಾರ್ಗಸೂಚಿಯಲ್ಲೂ ಅದೇ ಅಂಕಿಗಳಿವೆ. 2017ರಲ್ಲಿ ಅದೇ ಸಂಘ ಮಾತು ಬದಲಿಸಿತು. ಆಯಾ ಜನರ ಸ್ವಂತ ಮಿತಿ ಇದ್ದರೆ ಅದನ್ನೇ ಬಳಸಿ, ಇಲ್ಲದಿದ್ದರೆ 4ರ ಸುತ್ತ ಇಟ್ಟುಕೊಳ್ಳಿ ಅಂದಿತು. ಈ ಗೆರೆಯನ್ನು ಸ್ವಲ್ಪ ಆಚೀಚೆ ಮಾಡಿದರೆ ಏನಾಗುತ್ತದೆ ನೋಡಿ. ಭಾರತದ 9 ರಾಜ್ಯಗಳ 11 ನಗರಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 4.5ರ ಗೆರೆ ಎಳೆದಾಗ ನೂರಕ್ಕೆ 13 ಗರ್ಭಿಣಿಯರಿಗೆ ಥೈರಾಯ್ಡ್ ಕಡಿಮೆ ಅಂತ ಬಂತು. 2.5 ಮತ್ತು 3ರ ಗೆರೆ ಎಳೆದಾಗ ನೂರಕ್ಕೆ 44! ಹೆಂಗಸರು ಅವರೇ, ರಕ್ತ ಅದೇ.

10ಕ್ಕಿಂತ ಮೇಲಿದ್ದರೆ ಯಾರದೂ ಎರಡು ಮಾತಿಲ್ಲ, ಮಾತ್ರೆ ಬೇಕು. 2.5ರಿಂದ 4ರ ನಡುವಿನವರ ವಿಷಯದಲ್ಲಿ ಡಾಕ್ಟರ್ ಇನ್ನೊಂದು ಟೆಸ್ಟ್ ನೋಡುತ್ತಾರೆ, ಟಿಪಿಒ ಆ್ಯಂಟಿಬಾಡಿ. ಮೈ ತನ್ನದೇ ಥೈರಾಯ್ಡ್ ಮೇಲೆ ತಿರುಗಿಬಿದ್ದಿದೆಯಾ ಅಂತ ತೋರಿಸುವ ರಕ್ತದ ಟೆಸ್ಟ್ ಅದು. ಪಾಸಿಟಿವ್ ಬಂದರೆ, ಅಥವಾ ಹಿಂದೆ ಗರ್ಭ ಹೋಗಿದ್ದರೆ, ಮಾತ್ರೆಯ ಕಡೆ ವಾಲುತ್ತಾರೆ. ಟಿಎಸ್‌ಎಚ್ ಸ್ವಲ್ಪ ಜಾಸ್ತಿ ಇದ್ದವರಿಗೆ ಮಾತ್ರೆ ಕೊಟ್ಟು ಮಕ್ಕಳ ಬುದ್ಧಿಮಟ್ಟ ಅಳೆದ ದೊಡ್ಡ ಅಧ್ಯಯನಗಳು 2012 ಮತ್ತು 2017ರಲ್ಲಿ ಬಂದವು. ಎರಡರಲ್ಲೂ ಮಾತ್ರೆ ತಗೊಂಡವರ ಮತ್ತು ತಗೊಳ್ಳದವರ ಮಕ್ಕಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ಮಾತ್ರೆ ಶುರುವಾದದ್ದೇ ಮೂರು ತಿಂಗಳ ಹೊತ್ತಿಗೆ ಅಥವಾ ಅದೂ ದಾಟಿದ ಮೇಲೆ ಅನ್ನುವ ಆಕ್ಷೇಪ ಇದೆ. ಹಾಗಾಗಿ 3.4 ಅಂತ ಬಂದವರು "ಮಗುವಿಗೆ ಏನೋ ಆಗಿಬಿಟ್ಟಿದೆ" ಅಂತ ರಾತ್ರಿ ನಿದ್ದೆಗೆಡಬೇಡಿ. ಡಾಕ್ಟರ್ ಬರೆದ ಸಣ್ಣ ಪ್ರಮಾಣದ ಮಾತ್ರೆಯನ್ನು ನಿಮ್ಮಷ್ಟಕ್ಕೆ ಬಿಡಲೂಬೇಡಿ.

ಅಯೋಡಿನ್ ಉಪ್ಪೇ ತಿನ್ನುತ್ತೇವೆ. ಆದರೂ ಥೈರಾಯ್ಡ್ ಯಾಕೆ ಬಂತು?

ಈಗ ನಮ್ಮ ಕಡೆ ಥೈರಾಯ್ಡ್ ಕಡಿಮೆಯಾಗಲು ಮುಖ್ಯ ಕಾರಣ ಅಯೋಡಿನ್ ಕೊರತೆ ಅಲ್ಲ. ಮೈಯ ರಕ್ಷಣಾ ವ್ಯವಸ್ಥೆ ತನ್ನದೇ ಥೈರಾಯ್ಡ್ ಮೇಲೆ ತಿರುಗಿ ಬೀಳುವುದು. ಟಿಪಿಒ ಆ್ಯಂಟಿಬಾಡಿ ಅದರ ಗುರುತು. ಬೆಂಗಳೂರಿನ ಗರ್ಭಿಣಿಯರನ್ನು ಮೊದಲ ಮೂರು ತಿಂಗಳಲ್ಲಿ ಪರೀಕ್ಷಿಸಿದ ಒಂದು ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಅಲ್ಲಿ ಒಟ್ಟಾರೆ ಅಯೋಡಿನ್ ಸಾಕಷ್ಟಿತ್ತು, ಆದರೂ ಥೈರಾಯ್ಡ್ ಕಡಿಮೆ ಇದ್ದವರು ಬಹಳ ಜನ. ಇಂಥವರಿಗೆ ಬೇಕಾದ್ದು ಥೈರಾಕ್ಸಿನ್ ಮಾತ್ರೆ. ಉಪ್ಪು ಜಾಸ್ತಿ ಹಾಕಿದರೆ ಇದು ವಾಸಿಯಾಗುವುದಿಲ್ಲ, ಅಯೋಡಿನ್ ಉಪ್ಪು ಬಿಟ್ಟರೂ ವಾಸಿಯಾಗುವುದಿಲ್ಲ.

ರಕ್ತಹೀನತೆಯನ್ನೂ ನೋಡಿ. ಥೈರಾಯ್ಡ್ ಹಾರ್ಮೋನ್ ತಯಾರಿಸುವ ಕಿಣ್ವಕ್ಕೆ ಕಬ್ಬಿಣದ ಅಂಶ ಬೇಕು. ಹಿಮೋಗ್ಲೋಬಿನ್ 8 ಇಟ್ಟುಕೊಂಡು ಅಯೋಡಿನ್ ಎಷ್ಟೇ ತಿಂದರೂ ಕೆಲಸ ಅರ್ಧಂಬರ್ಧ.

ಹಾಗಾದರೆ ಅಯೋಡಿನ್ ಮಾತ್ರೆ ತಗೊಳ್ಳಬೇಕಾ?

ಅಯೋಡಿನ್ ಉಪ್ಪು ಸರಿಯಾಗಿ ಸಿಗುವ ಕಡೆ ಸುಮ್ನೆ ತಗೊಳ್ಳುವುದು ಬೇಡ. ಇದನ್ನು ನೋಡಲೆಂದೇ ಬೆಂಗಳೂರಿನ ಸೇಂಟ್ ಜಾನ್ಸ್ ಆಸ್ಪತ್ರೆ ಮತ್ತು ಥಾಯ್ಲೆಂಡಿನ ಬ್ಯಾಂಕಾಕ್‌ನಲ್ಲಿ ಒಂದು ದೊಡ್ಡ ಪರೀಕ್ಷೆ ನಡೆಯಿತು. 832 ಗರ್ಭಿಣಿಯರು. ಅರ್ಧ ಜನಕ್ಕೆ ದಿನಾ 200 ಮೈಕ್ರೋಗ್ರಾಂ ಅಯೋಡಿನ್, ಉಳಿದವರಿಗೆ ಅದೇ ಥರ ಕಾಣುವ ಅಯೋಡಿನ್ ಇಲ್ಲದ ಮಾತ್ರೆ. ಮಕ್ಕಳು ಐದಾರು ವರ್ಷದವರಾದಾಗ ಬುದ್ಧಿಮಟ್ಟ ನೋಡಿದರು. ಎರಡು ಗುಂಪಿನಲ್ಲೂ ಒಂದೇ ಥರ. 2017ರಲ್ಲಿ ಇದು ಪ್ರಕಟವಾಯಿತು. ಇವರಲ್ಲಿ ಕೊರತೆ ಇದ್ದರೂ ಅಲ್ಪಸ್ವಲ್ಪ ಅಷ್ಟೇ ಅನ್ನುವುದನ್ನು ಮರೆಯಬಾರದು. ಕೊರತೆ ತೀವ್ರವಾಗಿದ್ದ ಕಡೆ ಬಸಿರಿಗೆ ಮುಂಚೆ ಅಥವಾ ಮೊದಲಲ್ಲೇ ಕೊಟ್ಟ ಅಯೋಡಿನ್ ಮಕ್ಕಳನ್ನು ಉಳಿಸಿದೆ.

ಥೈರಾಯ್ಡ್ ಮಾತ್ರೆ ತಗೊಳ್ಳುವ ಸರಿಯಾದ ರೀತಿ ಯಾವುದು?

ಬೆಳಿಗ್ಗೆ ಎದ್ದ ಕೂಡಲೇ, ಖಾಲಿ ಹೊಟ್ಟೆಯಲ್ಲಿ, ಬರೀ ನೀರಿನ ಜೊತೆ. ಅರ್ಧದಿಂದ ಒಂದು ಗಂಟೆ ಬಿಟ್ಟು ಕಾಫಿ, ತಿಂಡಿ. ಮಾತ್ರೆ ಬಾಯಿಗೆ ಹಾಕಿಕೊಂಡು ಫಿಲ್ಟರ್ ಕಾಫಿ ಗುಟುಕರಿಸಿದರೆ ಮಾತ್ರೆ ಮೈಗೆ ಸರಿಯಾಗಿ ಸೇರುವುದಿಲ್ಲ.

ನಿಜವಾದ ತೊಂದರೆ ಆಗುವುದು ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಯಿಂದ. ಗರ್ಭಿಣಿಯರಿಗೆ ಮೂರನ್ನೂ ಕೊಟ್ಟಿರುತ್ತಾರೆ. ಒಮ್ಮೆ ಒಬ್ಬರು ಚೀಲದಿಂದ ಸಣ್ಣ ಸ್ಟೀಲ್ ಡಬ್ಬಿ ತೆಗೆದು ತೋರಿಸಿದರು. ಥೈರಾಯ್ಡಿನ ಪುಟ್ಟ ಬಿಳಿ ಮಾತ್ರೆ, ಕೆಂಪು ಕಬ್ಬಿಣದ ಮಾತ್ರೆ, ದಪ್ಪ ಕ್ಯಾಲ್ಸಿಯಂ ಮಾತ್ರೆ, ಮೂರೂ ಒಟ್ಟಿಗೆ. "ಮರೆಯಬಾರದು ಅಂತ ಬೆಳಿಗ್ಗೆ ಒಂದೇ ಸಲ ನುಂಗಿಬಿಡ್ತೀನಿ ಮೇಡಂ" ಅಂದರು. ಒಂದು ದಿನವೂ ತಪ್ಪಿಸಿರಲಿಲ್ಲ. ಟಿಎಸ್‌ಎಚ್ ಮಾತ್ರ ಇಳಿದಿರಲಿಲ್ಲ. ಹೊಟ್ಟೆಯಲ್ಲಿ ಕಬ್ಬಿಣವೂ ಕ್ಯಾಲ್ಸಿಯಮ್ಮೂ ಥೈರಾಕ್ಸಿನ್ನನ್ನು ಹಿಡಿದಿಟ್ಟುಕೊಳ್ಳುತ್ತವೆ. ನಡುವೆ ಕನಿಷ್ಠ ನಾಲ್ಕು ಗಂಟೆ ಬೇಕು. ಎದ್ದಾಗ ಥೈರಾಯ್ಡ್, ಮಧ್ಯಾಹ್ನದ ಊಟ ಆದ ಮೇಲೆ ಕ್ಯಾಲ್ಸಿಯಂ, ರಾತ್ರಿ ಕಬ್ಬಿಣ ಅಂತ ತಾಯಿ ಕಾರ್ಡಿನ ಹಿಂದೆ ಬರೆದುಕೊಟ್ಟೆ.

ಬಸಿರಿಗೆ ಮುಂಚೆಯೇ ಮಾತ್ರೆ ತಗೊಳ್ಳುತ್ತಿದ್ದೆ. ಈಗ ಏನು ಮಾಡಲಿ?

ನಿಲ್ಲಿಸಲೇಬೇಡಿ. ಬಸಿರು ಅಂತ ಗೊತ್ತಾದ ದಿನವೇ ಡಾಕ್ಟರಿಗೆ ಫೋನ್ ಮಾಡಿ. ಹೆಚ್ಚಿನವರಿಗೆ ನೂರಕ್ಕೆ 20ರಿಂದ 30ರಷ್ಟು ಜಾಸ್ತಿ ಬೇಕಾಗುತ್ತದೆ. ಬಸಿರಿನ ಅರ್ಧದವರೆಗೆ ನಾಲ್ಕು ವಾರಕ್ಕೊಮ್ಮೆ ಟಿಎಸ್‌ಎಚ್ ನೋಡುತ್ತಾರೆ, ಆಮೇಲೆ 30ನೇ ವಾರದ ಸುಮಾರಿಗೆ ಇನ್ನೊಮ್ಮೆ. ಹೆರಿಗೆಯಾದ ಮೇಲೆ ಹಳೆಯ ಪ್ರಮಾಣಕ್ಕೆ ಇಳಿಸಿ, ಆರು ವಾರಕ್ಕೆ ಮತ್ತೆ ಟೆಸ್ಟ್. ಮಗುವಿಗೆ ಮಾತ್ರೆಯಿಂದ ತೊಂದರೆಯಾಗುತ್ತದೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಮೈ ತಾನೇ ಮಾಡಿಕೊಳ್ಳಬೇಕಿದ್ದ ಹಾರ್ಮೋನೇ ಆ ಮಾತ್ರೆಯಲ್ಲಿರುವುದು.

ಎಲೆಕೋಸು, ಮೂಲಂಗಿ, ರಾಗಿ ಬಿಡಬೇಕಾ?

ಬೇಡ. ಬೇಯಿಸಿದ ಎಲೆಕೋಸಿನ ಪಲ್ಯ, ಮೂಲಂಗಿ ಹುಳಿ ಆರಾಮಾಗಿ ತಿನ್ನಿ. ಸಜ್ಜೆ, ಮರಗೆಣಸಿನಂಥವು ಥೈರಾಯ್ಡಿಗೆ ಅಡ್ಡಿ ಮಾಡಿದ್ದು ಅವನ್ನೇ ಮೂರು ಹೊತ್ತೂ ತಿಂದು, ಅಯೋಡಿನ್ನೂ ಸಿಗದ ಕಡೆ. ರಾಗಿ ಮುದ್ದೆ ಬಿಡಿಸಿದರೆ ಕ್ಯಾಲ್ಸಿಯಂ ಹೋಗುತ್ತದೆ, ಹೊಟ್ಟೆಯೂ ತುಂಬುವುದಿಲ್ಲ.

ಬಿಪಿ ಇದೆ, ಉಪ್ಪು ಕಡಿಮೆ ಮಾಡಿ ಅಂದಿದ್ದಾರೆ. ಅಯೋಡಿನ್ ಕಡಿಮೆಯಾಗಲ್ವಾ?

ಡಾಕ್ಟರ್ ಹೇಳಿದಷ್ಟೇ ಉಪ್ಪು ತಿನ್ನಿ. ಅಯೋಡಿನ್ನಿಗಾಗಿ ಉಪ್ಪು ಜಾಸ್ತಿ ಮಾಡುವ ಅಗತ್ಯ ಯಾರಿಗೂ ಇಲ್ಲ. ಹಪ್ಪಳ, ಚಿಪ್ಸ್, ಉಪ್ಪಿನಕಾಯಿ ಕಡಿಮೆ ಮಾಡಿ. ಸಾರಿಗೆ ಹಾಕುವ ಸ್ವಲ್ಪ ಉಪ್ಪು ಅಯೋಡಿನ್ ಇರುವುದೇ ಆಗಿರಲಿ. ಹಾಲು, ಮೊಸರು, ಮೊಟ್ಟೆ ಸೇರಿಸಿ.

ಟಿಎಸ್‌ಎಚ್ ತೀರಾ ಕಡಿಮೆ ಬಂದಿದೆ. ಅದೂ ತೊಂದರೆಯಾ?

ಮೊದಲ ಮೂರು ತಿಂಗಳಲ್ಲಿ, ಅದರಲ್ಲೂ ವಾಂತಿ ಜಾಸ್ತಿ ಇರುವವರಲ್ಲಿ, ಅವಳಿ ಮಕ್ಕಳಿದ್ದರೆ, ಇದು ಸಹಜವಾಗಿ ಆಗುತ್ತದೆ. ತಾನಾಗಿ ಸರಿಹೋಗುತ್ತದೆ. ಆದರೆ ಎದೆ ಡವಡವ ಅನ್ನುವುದು, ಕೈ ನಡುಗುವುದು, ಕಣ್ಣು ಉಬ್ಬಿರುವುದು, ಗಂಟಲು ಊದಿರುವುದು ಇದ್ದರೆ ಥೈರಾಯ್ಡ್ ಅತಿಯಾಗಿರಬಹುದು. ತಜ್ಞರಿಗೆ ತೋರಿಸಿ. ಅದಕ್ಕೆ ಮೊದಲ ತಿಂಗಳುಗಳಲ್ಲಿ ಕೊಡುವ ಔಷಧವೇ ಬೇರೆ.

ಅಯೋಡಿನ್ ಜಾಸ್ತಿಯಾದರೆ?

ಊಟದ ಉಪ್ಪಿನಿಂದ ಜಾಸ್ತಿಯಾಗುವುದು ಕಷ್ಟ. ದಿನಕ್ಕೆ 500 ಮೈಕ್ರೋಗ್ರಾಂ ದಾಟಿಸುವುದು ಕೆಲವು ಸಪ್ಲಿಮೆಂಟ್‌ಗಳು, ಮುಖ್ಯವಾಗಿ ಕಡಲಕಳೆಯ ಮಾತ್ರೆಗಳು. ಆನ್‌ಲೈನ್‌ನಲ್ಲಿ "ಥೈರಾಯ್ಡಿಗೆ ನೈಸರ್ಗಿಕ" ಅಂತ ಮಾರುವವನ್ನು ಬಸಿರಲ್ಲಿ ಮುಟ್ಟಬೇಡಿ. ಅತಿಯಾದ ಅಯೋಡಿನ್ ಮಗುವಿನ ಥೈರಾಯ್ಡನ್ನೇ ಮಂಕು ಮಾಡುತ್ತದೆ.

ನಾನು ಇಂಗ್ಲೆಂಡ್‌ನಲ್ಲಿದ್ದೇನೆ. ಇಲ್ಲೂ ಇದೇ ಮಾತಾ?

ಅಲ್ಲಿ ಲೆಕ್ಕ ಬೇರೆ. ಅಲ್ಲಿ ಮಾಮೂಲಿ ಅಂಗಡಿ ಉಪ್ಪಿಗೆ ಸಾಮಾನ್ಯವಾಗಿ ಅಯೋಡಿನ್ ಹಾಕುವುದಿಲ್ಲ. ಜನರಿಗೆ ಅಯೋಡಿನ್ ಬರುವುದು ಹಾಲು ಮತ್ತು ಮೀನಿನಿಂದ. ಮೀನು ತಿನ್ನದೆ, ಹಾಲು ಬಿಟ್ಟು ಓಟ್ಸ್ ಹಾಲಿಗೆ ಹೋದವರಿಗೆ ಕೊರತೆ ಆಗಬಹುದು. ಬ್ರಿಸ್ಟಲ್ ಸುತ್ತಲಿನ ತಾಯಂದಿರ ಮೇಲೆ ನಡೆದು 2013ರಲ್ಲಿ ಬಂದ ಅಧ್ಯಯನದಲ್ಲಿ, ಬಸಿರಲ್ಲಿ ಅಯೋಡಿನ್ ಕಡಿಮೆ ಇದ್ದವರ ಮಕ್ಕಳು ಎಂಟು ಒಂಬತ್ತು ವರ್ಷಕ್ಕೆ ಓದಿನಲ್ಲಿ, ಮಾತಿನ ಬುದ್ಧಿಮಟ್ಟದಲ್ಲಿ ಸ್ವಲ್ಪ ಹಿಂದಿದ್ದರು. ಅಮೆರಿಕ, ಆಸ್ಟ್ರೇಲಿಯಾದಲ್ಲಿ ಗರ್ಭಿಣಿಯರಿಗೆ ದಿನಕ್ಕೆ 150 ಮೈಕ್ರೋಗ್ರಾಂ ಅಯೋಡಿನ್ ಇರುವ ಮಾತ್ರೆ ತಗೊಳ್ಳಿ ಅನ್ನುತ್ತಾರೆ. ಬಸಿರಲ್ಲಿ ಕೊಡುವ ವಿಟಮಿನ್ ಮಾತ್ರೆಗಳಲ್ಲಿ ಎಲ್ಲದರಲ್ಲೂ ಅಯೋಡಿನ್ ಇರುವುದಿಲ್ಲ, ಡಬ್ಬಿ ತಿರುಗಿಸಿ ಓದಿ. ಥೈರಾಯ್ಡ್ ತೊಂದರೆ ಇರುವವರು ಡಾಕ್ಟರನ್ನು ಕೇಳಿಯೇ ತಗೊಳ್ಳಿ.

ಬಾಣಂತನದಲ್ಲಿ ಏನು ನೋಡಿಕೊಳ್ಳಬೇಕು?

ಹೆರಿಗೆಯ ಜೊತೆ ಅಯೋಡಿನ್ ವಿಷಯ ಮುಗಿದಂತೆ ಅಂದುಕೊಳ್ಳುತ್ತಾರೆ. ಎದೆಹಾಲು ಕುಡಿಯುವ ಮಗುವಿಗೆ ಅಯೋಡಿನ್ ಬರುವುದು ಆ ಹಾಲಿನಿಂದಲೇ. ಆಗಲೂ 250 ಮೈಕ್ರೋಗ್ರಾಂ ಬೇಕು. ನಮ್ಮ ಎಷ್ಟೋ ಮನೆಗಳಲ್ಲಿ ಬಾಣಂತಿಗೆ ಮೆಣಸಿನ ಸಾರು, ಅನ್ನ, ತುಪ್ಪ, ಉಪ್ಪಿನ ಜಾಗಕ್ಕೆ ಇಂದುಪ್ಪು. ಪ್ರೀತಿಯಿಂದಲೇ ಮಾಡುತ್ತಾರೆ, ಗೊತ್ತು. ಆ ಸಾರು ಹಾಗೇ ಇರಲಿ. ಉಪ್ಪೊಂದನ್ನು ಬದಲಾಯಿಸಿ, ಹಾಲು ಮೊಸರು ನಿಲ್ಲಿಸಬೇಡಿ ಅಂತ ಅಜ್ಜಿಯರ ಹತ್ತಿರ ಕೇಳಿಕೊಳ್ಳುತ್ತೇನೆ. ಹೆಚ್ಚಿನವರು ಒಪ್ಪುತ್ತಾರೆ.

ಹೆರಿಗೆಯಾದ ಮೊದಲ ವರ್ಷದಲ್ಲಿ ವಿಪರೀತ ಸುಸ್ತು, ಬೇಸರ, ಎದೆಬಡಿತ ಕಂಡರೆ ಬಾಣಂತನದ ಸುಸ್ತು ಅಂತ ಬಿಟ್ಟುಬಿಡಬೇಡಿ. ಟಿಎಸ್‌ಎಚ್ ನೋಡಿಸಿ. ಆ್ಯಂಟಿಬಾಡಿ ಇದ್ದವರಲ್ಲಿ ಈ ಹೊತ್ತಿನಲ್ಲಿ ಥೈರಾಯ್ಡ್ ಏರುಪೇರಾಗುವುದುಂಟು.

ಹುಟ್ಟಿದ ಮಗುವಿಗೂ ಟೆಸ್ಟ್ ಬೇಕಾ?

ಬೇಕು. ಭಾರತದಲ್ಲಿ ಸುಮಾರು ಸಾವಿರ ಮಕ್ಕಳಲ್ಲಿ ಒಂದು ಮಗು ಥೈರಾಯ್ಡ್ ಸರಿಯಿಲ್ಲದೆ ಹುಟ್ಟುತ್ತದೆ. ಹುಟ್ಟಿದಾಗ ನೋಡಿದರೆ ಏನೂ ಗೊತ್ತಾಗುವುದಿಲ್ಲ, ಮಗು ಮುದ್ದಾಗಿಯೇ ಇರುತ್ತದೆ. ಎರಡು ವಾರದೊಳಗೆ ಮಾತ್ರೆ ಶುರುಮಾಡಿದರೆ ಬೇರೆ ಮಕ್ಕಳ ಹಾಗೇ ಬೆಳೆಯುತ್ತದೆ. ತಿಂಗಳುಗಟ್ಟಲೆ ತಡವಾದರೆ ಮೆದುಳಿಗೆ ಆದ ನಷ್ಟ ತುಂಬುವುದಿಲ್ಲ. ಮಗುವಿನ ಹಿಮ್ಮಡಿಗೆ ಸೂಜಿ ಚುಚ್ಚಿ ಕೆಲವು ಹನಿ ರಕ್ತ ತೆಗೆಯುತ್ತಾರೆ, ಅಷ್ಟೇ. ಇದನ್ನು ಎರಡು ಮೂರು ದಿನ ತುಂಬಿದ ಮೇಲೆ ಮಾಡುವುದು ಒಳ್ಳೆಯದು, ಹುಟ್ಟಿದ ಮೊದಲ ದಿನ ಎಲ್ಲ ಮಕ್ಕಳಲ್ಲೂ ಟಿಎಸ್‌ಎಚ್ ಮೇಲಿರುತ್ತದೆ.

ಎಲ್ಲ ಆಸ್ಪತ್ರೆಗಳಲ್ಲೂ ಇದು ತಾನಾಗಿ ಆಗುವುದಿಲ್ಲ. ಡಿಸ್ಚಾರ್ಜ್ ಮುಂಚೆ ಕೇಳಿ. ಹಾಗೇ ಆಸ್ಪತ್ರೆಯವರಿಗೆ ತವರುಮನೆಯ ಫೋನ್ ನಂಬರನ್ನೂ ಬರೆಸಿ. ರಿಪೋರ್ಟ್ ಬರುವ ಹೊತ್ತಿಗೆ ನೀವು ಬಾಣಂತನಕ್ಕೆ ಅಮ್ಮನ ಮನೆ ಸೇರಿರುತ್ತೀರಿ, ಆಸ್ಪತ್ರೆಯವರು ಗಂಡನ ನಂಬರಿಗೆ ಫೋನ್ ಮಾಡುತ್ತಾ ಇರುತ್ತಾರೆ.